ಶತ್ರುವನ್ನು ಪ್ರೀತಿಸಲು ಹೊರಟ ಟಾಲ್‌ಸ್ಟಾಯ್

ನಾನು ಟಾಲ್‌ಸ್ಟಾಯ್ ಹತ್ತಿರ ಹೋದದ್ದು ಕಾದಂಬರಿ ಓದುವ ಹುಚ್ಚಿನಿಂದಲ್ಲ, ರಾಕೆಟ್ ದೆಸೆಯಿಂದ. ಕಾಲೇಜಿನ ಟೆಕ್ನಿಕಲ್ ಸೆಮಿನಾರ್‌ಗೆ ರಾಕೆಟ್‌ಗಳ ಇತಿಹಾಸ ಹುಡುಕುತ್ತಿದ್ದಾಗ ನಿಕೊಲಾಯ್ ಕಿಬಾಲ್ಚಿಚ್ ಎಂಬ ರಷ್ಯನ್ ಹೆಸರು ಸಿಕ್ಕಿತು. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ರೈಲ್ವೆ ಎಂಜಿನಿಯರಿಂಗ್ ಕಲಿಯಲು ಸೇರಿದ ಹುಡುಗ. ಅದನ್ನು ಬಿಟ್ಟು ವೈದ್ಯಕೀಯಕ್ಕೆ ಹೋದ, ಆಮೇಲೆ ಅದನ್ನೂ ಬಿಟ್ಟು ಕ್ರಾಂತಿಕಾರಿಗಳ ಗುಂಪು ಸೇರಿದ. 1881ರ ಮಾರ್ಚ್ 1ರಂದು (ಆಗಿನ ರಷ್ಯಾದ ಹಳೇ ಕ್ಯಾಲೆಂಡರ್ ಪ್ರಕಾರ) ಝಾರ್ ಎರಡನೇ ಅಲೆಕ್ಸಾಂಡರ್‌ನನ್ನು ಕೊಂದ ಬಾಂಬ್ ತಯಾರಿಸಿದ್ದು ಇವನೇ. ಗಲ್ಲಿಗೆ ಕಾಯುತ್ತ ಜೈಲಿನ ಕೋಣೆಯಲ್ಲಿ ಕೂತು ಇವನು ಮನುಷ್ಯನನ್ನು ಹೊತ್ತು ಹಾರಬಲ್ಲ ಯಂತ್ರದ ನಕ್ಷೆ ಬರೆದ. ಸಿಡಿಮದ್ದು ಉರಿದು ಅನಿಲ ಕೆಳಕ್ಕೆ ಚಿಮ್ಮಿದಂತೆ ಯಂತ್ರ ಮೇಲಕ್ಕೇರಬೇಕು ಎಂಬುದು ಅವನ ಲೆಕ್ಕ. ಅಧಿಕಾರಿಗಳು ಆ ಹಾಳೆಗಳನ್ನು ಕಡತಕ್ಕೆ ಸೇರಿಸಿ ಕಟ್ಟಿಟ್ಟರು. ಅವು ಅಚ್ಚಿನಲ್ಲಿ ಬಂದದ್ದು 1917ರ ಕ್ರಾಂತಿಯ ನಂತರ. ಸಾಯುವಾಗ ಕಿಬಾಲ್ಚಿಚ್‌ಗೆ 27 ವರ್ಷ.

ಅವನನ್ನೂ ಅವನ ಸಂಗಡಿಗರನ್ನೂ ಕೊಲ್ಲಬೇಡ ಎಂದು ಹೊಸ ಝಾರ್‌ಗೆ, ಅಂದರೆ ಸತ್ತವನ ಸ್ವಂತ ಮಗನಿಗೆ, ಒಬ್ಬ ಲೇಖಕ ಪತ್ರ ಬರೆದಿದ್ದನಂತೆ ಎಂಬ ಒಂದು ಸಾಲು ಅಲ್ಲೇ ಇತ್ತು. ಆ ಲೇಖಕ ಲಿಯೊ ಟಾಲ್‌ಸ್ಟಾಯ್. ಸೆಮಿನಾರ್ ಮುಗಿಯಿತು, ಮಾರ್ಕ್ಸೂ ಬಂತು. ಆದರೆ ಆ ಪತ್ರ ತಲೆಯಿಂದ ಹೋಗಲಿಲ್ಲ. ಅಪ್ಪನನ್ನು ಕೊಂದವರನ್ನು ಕ್ಷಮಿಸು ಎಂದು ಮಗನಿಗೆ, ಅದೂ ಒಬ್ಬ ಚಕ್ರವರ್ತಿಗೆ, ಹೇಳುವ ಧೈರ್ಯ ಎಲ್ಲಿಂದ ಬರುತ್ತದೆ? ಅದು ಧೈರ್ಯವೋ, ಲೋಕಜ್ಞಾನವಿಲ್ಲದ ಹುಂಬತನವೋ?

ಪತ್ರದಲ್ಲಿ ಟಾಲ್‌ಸ್ಟಾಯ್ ಕೊಲೆಯನ್ನು ಸಮರ್ಥಿಸಿರಲಿಲ್ಲ. ಕೊಲೆ ಅವನಿಗೂ ಅಸಹ್ಯವೇ. ಅವನ ವಾದ ಒಬ್ಬ ವೈದ್ಯನ ವಾದದ ಹಾಗಿತ್ತು. ಈ ರೋಗಕ್ಕೆ ಇಲ್ಲಿಯವರೆಗೆ ಎರಡು ಮದ್ದು ಕೊಟ್ಟಿದ್ದೀರಿ, ಒಂದು ದಮನ, ಇನ್ನೊಂದು ಅಲ್ಪಸ್ವಲ್ಪ ಸುಧಾರಣೆ, ಎರಡೂ ಫಲಿಸಲಿಲ್ಲ, ಮೂರನೆಯದನ್ನು, ಕ್ರಿಸ್ತ ಹೇಳಿದ ಕ್ಷಮೆಯನ್ನು, ಯಾರೂ ಪ್ರಯೋಗಿಸಿಯೇ ನೋಡಿಲ್ಲವಲ್ಲ ಎಂಬುದು ಅದರ ತಿರುಳು. ಅವರ ಕೈಗೆ ಒಂದಿಷ್ಟು ಹಣ ಕೊಟ್ಟು ಅಮೆರಿಕದ ಕಡೆಗೆಲ್ಲಾದರೂ ಕಳಿಸಿಬಿಡಿ ಎಂಬ ಸಲಹೆಯೂ ಅದರಲ್ಲಿತ್ತು. ಇದನ್ನು ಓದಿದಾಗ ನನಗೆ ನಗು ಬಂತು. ಆಮೇಲೆ ಕಿಬಾಲ್ಚಿಚ್‌ನ ನಕ್ಷೆ ನೆನಪಾಗಿ ನಗು ನಿಂತಿತು.

ಪತ್ರವನ್ನು ಝಾರ್‌ಗೆ ಮುಟ್ಟಿಸಬೇಕೆಂದು ಕೇಳಿಕೊಂಡದ್ದು ಪೊಬೆದೊನೊಸ್ತ್ಸೆವ್ ಎಂಬ ಅಧಿಕಾರಿಯನ್ನು. ರಷ್ಯಾದ ಚರ್ಚಿನ ಆಡಳಿತ ಸರ್ಕಾರದ ಪರವಾಗಿ ಇವನ ಕೈಯಲ್ಲಿತ್ತು. ಅವನು ಒಪ್ಪಲಿಲ್ಲ. ತನ್ನ ಕ್ರಿಸ್ತನೂ ಟಾಲ್‌ಸ್ಟಾಯ್‌ನ ಕ್ರಿಸ್ತನೂ ಒಬ್ಬನೇ ಅಲ್ಲ ಎಂಬರ್ಥದ ಉತ್ತರವನ್ನು ಆಮೇಲೆ ಬರೆದ. ಅಷ್ಟಕ್ಕೆ ಸುಮ್ಮನಾಗದೆ, ಯಾರು ಏನೇ ಹೇಳಿದರೂ ಕ್ಷಮಿಸಬೇಡಿ ಎಂದು ತಾನೇ ಝಾರ್‌ಗೆ ಒಂದು ಪತ್ರ ಬರೆದ. ಟಾಲ್‌ಸ್ಟಾಯ್ ಪತ್ರ ಬೇರೆ ದಾರಿಯಲ್ಲಿ ಅರಮನೆ ಸೇರಿತು. ಗುರಿ ನಾನಾಗಿದ್ದರೆ ಕ್ಷಮಿಸಬಹುದಿತ್ತು, ಅಪ್ಪನನ್ನು ಕೊಂದವರನ್ನು ಕ್ಷಮಿಸುವ ಹಕ್ಕು ನನಗಿಲ್ಲ ಎಂದು ಮೂರನೇ ಅಲೆಕ್ಸಾಂಡರ್ ಹೇಳಿ ಕಳಿಸಿದನೆಂದು ಟಾಲ್‌ಸ್ಟಾಯ್ ಜೀವನಚರಿತ್ರೆಗಳಲ್ಲಿ ಬರುತ್ತದೆ. ಅದು ತಳ್ಳಿಹಾಕುವ ಮಾತಲ್ಲ ಎಂದೇ ನನಗನಿಸುತ್ತದೆ. ಏಪ್ರಿಲ್ 3ರಂದು ಐವರನ್ನು ಬಹಿರಂಗವಾಗಿ ಗಲ್ಲಿಗೇರಿಸಿದರು. ಅವರಲ್ಲಿ ಸೋಫಿಯಾ ಪೆರೋವ್‌ಸ್ಕಾಯಾ ಎಂಬ ಹೆಣ್ಣುಮಗಳೂ ಇದ್ದಳು.

ಈ ಪತ್ರ ಬರೆದವನು ಹುಟ್ಟಾ ಸಾಧುವೇನಲ್ಲ. 1828ರಲ್ಲಿ ಮಾಸ್ಕೋದಿಂದ ದಕ್ಷಿಣಕ್ಕೆ ಸುಮಾರು 200 ಕಿಲೋಮೀಟರ್ ದೂರದ, ತೂಲಾ ಪಟ್ಟಣದ ಹತ್ತಿರದ ಯಾಸ್ನಾಯಾ ಪೊಲ್ಯಾನಾದಲ್ಲಿ ದೊಡ್ಡ ಜಮೀನ್ದಾರಿ ಮನೆತನದಲ್ಲಿ ಹುಟ್ಟಿದ. ಎರಡು ವರ್ಷ ತುಂಬುವ ಮೊದಲೇ ತಾಯಿ, ಒಂಬತ್ತು ತುಂಬುವ ಮೊದಲು ತಂದೆ ತೀರಿಕೊಂಡರು. ಸೋದರತ್ತೆಯರು ಸಾಕಿದರು. ಅಣ್ಣ ನಿಕೊಲಾಯ್ ತಮ್ಮಂದಿರಿಗೆ ಒಂದು ಕತೆ ಕಟ್ಟಿ ಹೇಳುತ್ತಿದ್ದ. ಲೋಕದಲ್ಲಿ ಯಾರೂ ಯಾರ ಮೇಲೂ ಸಿಟ್ಟು ಮಾಡದೆ, ಎಲ್ಲರೂ ಎಲ್ಲರನ್ನೂ ಪ್ರೀತಿಸುವಂತೆ ಮಾಡುವ ಗುಟ್ಟನ್ನು ಒಂದು ಹಸಿರು ಕೋಲಿನ ಮೇಲೆ ಬರೆದು ಕಾಡಿನ ಕಮರಿಯ ಅಂಚಿನಲ್ಲಿ ಹೂತಿಟ್ಟಿದ್ದಾರೆ ಎಂಬ ಕತೆ. ಹುಡುಗರು ನಂಬಿದ್ದರು.

ಕಜಾನ್ ವಿಶ್ವವಿದ್ಯಾಲಯದಲ್ಲಿ ಅವನ ಓದು ನಮ್ಮಲ್ಲಿ ಹಲವರಿಗೆ ಸಮಾಧಾನ ಕೊಡಬಹುದು. 1844ರಲ್ಲಿ ಪೌರ್ವಾತ್ಯ ಭಾಷೆಗಳ ವಿಭಾಗಕ್ಕೆ ಸೇರಿದ, ಮೊದಲ ವರ್ಷವೇ ಫೇಲಾದ, ಕಾನೂನಿಗೆ ಬದಲಾಯಿಸಿಕೊಂಡ, 1847ರಲ್ಲಿ ಡಿಗ್ರಿ ಇಲ್ಲದೆ ಊರಿಗೆ ವಾಪಸಾದ. ಆ ವರ್ಷವೇ ದಿನಚರಿ ಬರೆಯಲು ಶುರುಮಾಡಿದ್ದು. ಬೆಳಿಗ್ಗೆ ಇಷ್ಟು ಹೊತ್ತಿಗೆ ಏಳಬೇಕು, ಇಷ್ಟು ಓದಬೇಕು, ಜೂಜಾಡಬಾರದು, ಹೀಗೆ ನಿಯಮಗಳ ಪಟ್ಟಿ ಮಾಡಿಕೊಳ್ಳುವುದು, ಮುರಿಯುವುದು, ಮುರಿದದ್ದನ್ನು ಬರೆದಿಟ್ಟು ಹೊಸ ಪಟ್ಟಿ ಮಾಡುವುದು. ಹೊಸ ಸೆಮಿಸ್ಟರ್‌ನ ಮೊದಲ ವಾರ ನಮ್ಮ ಹಾಸ್ಟೆಲ್ ಗೋಡೆಗಳ ಮೇಲೆ ಅಂಟುವ ಟೈಮ್‌ಟೇಬಲ್‌ಗಳಿಗಿಂತ ಬಹಳ ಬೇರೆಯೇನಲ್ಲ. ವ್ಯತ್ಯಾಸ ಒಂದೇ, ಅವನು ಈ ಕೆಲಸವನ್ನು ಅರವತ್ತು ವರ್ಷ ಬಿಡಲಿಲ್ಲ.

ಜೂಜಿನ ಸಾಲಕ್ಕೆ ತಾನು ಹುಟ್ಟಿದ ದೊಡ್ಡ ಮರದ ಮನೆಯನ್ನೇ ಮಾರಬೇಕಾಯಿತು. ಕೊಂಡವನು ಅದನ್ನು ಬಿಚ್ಚಿಕೊಂಡು ಹೋದ. 1851ರಲ್ಲಿ ಕಾಕಸಸ್‌ಗೆ ಹೋಗಿ ಸೈನ್ಯ ಸೇರಿದ. ಆಮೇಲೆ ಕ್ರಿಮಿಯಾ ಯುದ್ಧದಲ್ಲಿ ಸೆವಸ್ತೊಪೋಲ್‌ನ ಮುತ್ತಿಗೆಯ ಒಳಗೆ ಫಿರಂಗಿ ದಳದ ಅಧಿಕಾರಿಯಾಗಿದ್ದ. ಅಂದರೆ ಅಹಿಂಸೆಯ ಬಗ್ಗೆ ಮುಂದೆ ಬರೆದವನು ಫಿರಂಗಿಯ ಹೊಗೆ ಕುಡಿದವನು, ಶತ್ರು ಎಂಬ ಪದವನ್ನು ಪುಸ್ತಕದಿಂದ ಕಲಿತವನಲ್ಲ. 1857ರಲ್ಲಿ ಪ್ಯಾರಿಸ್‌ಗೆ ಹೋದಾಗ ಒಬ್ಬನ ತಲೆ ಗಿಲೊಟಿನ್‌ಗೆ ಬೀಳುವುದನ್ನು ಕಣ್ಣಾರೆ ನೋಡಿದ. ಯುದ್ಧಕ್ಕಿಂತ ಅದು ಅವನನ್ನು ಹೆಚ್ಚು ಕಲಕಿತು. ಯುದ್ಧದಲ್ಲಿ ಆವೇಶವಿರುತ್ತದೆ. ಇಲ್ಲಿ ಎಲ್ಲವೂ ಅಚ್ಚುಕಟ್ಟಾಗಿ, ಯಂತ್ರದ ಕರಾರುವಾಕ್ಕಿನಲ್ಲಿ ನಡೆದಿತ್ತು.

1862ರಲ್ಲಿ, 34ರ ವಯಸ್ಸಿನಲ್ಲಿ, 18 ವರ್ಷದ ಸೋಫಿಯಾಳನ್ನು ಮದುವೆಯಾದ. 1869ಕ್ಕೆ ‘ಯುದ್ಧ ಮತ್ತು ಶಾಂತಿ’ ಮುಗಿಯಿತು, ಮುಂದಿನ ದಶಕದಲ್ಲಿ ‘ಅನ್ನಾ ಕರೆನಿನಾ’ ಬಂತು. ಇವುಗಳ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ನಾನು ಮುಂದೆ ಹೋಗುತ್ತೇನೆ. ಹೆಸರು, ಹಣ, ಆಸ್ತಿ, ಮಕ್ಕಳು ಎಲ್ಲ ಇದ್ದ ಐವತ್ತರ ಹೊಸ್ತಿಲಲ್ಲಿ ಅವನಿಗೆ ಬದುಕುವುದಕ್ಕೆ ಕಾರಣವೇ ಕಾಣದಾಯಿತು. ನೇಣು ಹಾಕಿಕೊಂಡೇನು ಎಂಬ ಭಯಕ್ಕೆ ಹಗ್ಗವನ್ನು ಕಣ್ಣಿಗೆ ಬೀಳದಂತೆ ಎತ್ತಿಟ್ಟ, ಬಂದೂಕು ಹಿಡಿದು ಬೇಟೆಗೆ ಹೋಗುವುದನ್ನು ಬಿಟ್ಟ. ವಿಜ್ಞಾನದಲ್ಲಿ, ತತ್ವಶಾಸ್ತ್ರದಲ್ಲಿ ಉತ್ತರ ಹುಡುಕಿ ಸೋತು, ಕೊನೆಗೆ ತನ್ನ ಸುತ್ತಲಿನ ರೈತರು ಯಾವ ನಂಬಿಕೆಯಿಂದ ಬದುಕುತ್ತಾರೆಂದು ನೋಡುತ್ತ ಸುವಾರ್ತೆಗಳ ಕಡೆ ತಿರುಗಿದ.

ಅಲ್ಲಿ ಅವನನ್ನು ಹಿಡಿದು ನಿಲ್ಲಿಸಿದ್ದು ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯ, ಕ್ರಿಸ್ತ ಬೆಟ್ಟದ ಮೇಲೆ ಕೂತು ಮಾಡಿದ ಬೋಧನೆ. ಸಿಟ್ಟಾಗಬೇಡ, ಪರಸ್ತ್ರೀಯನ್ನು ಕಾಮದ ಕಣ್ಣಿನಿಂದ ನೋಡಬೇಡ, ಆಣೆ ಮಾಡಬೇಡ, ಕೇಡನ್ನು ಕೇಡಿನಿಂದ ಎದುರಿಸಬೇಡ, ಶತ್ರುವನ್ನೂ ಪ್ರೀತಿಸು: ಈ ಐದನ್ನು ಟಾಲ್‌ಸ್ಟಾಯ್ ಕ್ರಿಸ್ತನ ಐದು ಆಜ್ಞೆಗಳೆಂದು ಆರಿಸಿಕೊಂಡ. ದೇವರಷ್ಟೇ ಪರಿಪೂರ್ಣರಾಗಿ ಎಂಬ ಎದೆ ನಡುಗಿಸುವ ಕರೆಯೊಂದಿಗೆ ಆ ಅಧ್ಯಾಯ ಮುಗಿಯುತ್ತದೆ. ಚರ್ಚಿನ ಪಂಡಿತರು ಇದನ್ನು ಸನ್ಯಾಸಿಗಳಿಗೆ, ಸಂತರಿಗೆ ಹೇಳಿದ ಆದರ್ಶವೆಂದು ಬದಿಗಿಡುತ್ತಿದ್ದರು. ಟಾಲ್‌ಸ್ಟಾಯ್ ಅದನ್ನು ಸಾಮಾನ್ಯ ಮನುಷ್ಯ ಸೋಮವಾರ ಬೆಳಿಗ್ಗೆ ಎದ್ದು ಪಾಲಿಸಬೇಕಾದ ಮಾತೆಂದು ಓದಿದ. ಮಾತು ಹೇಳಿದವನು ಅದನ್ನು ನಿಜಕ್ಕೂ ಉದ್ದೇಶಿಸಿಯೇ ಹೇಳಿದ ಎಂದಿಟ್ಟುಕೊಂಡರೆ ಏನಾಗುತ್ತದೆ ಎಂಬುದೇ ಅವನ ಮುಂದಿನ ಮೂವತ್ತು ವರ್ಷದ ಬದುಕು.

ಓದಿದ ರೀತಿ ನನಗೆ ತುಂಬ ಹಿಡಿಸಿತು. ಡೀಬಗ್ ಮಾಡುವವನ ಹಾಗೆ ಓದಿದ್ದಾನೆ. ನಲವತ್ತು ದಾಟಿದ ಮೇಲೆ ಗ್ರೀಕ್ ಕಲಿತಿದ್ದ. ಮಾಸ್ಕೋದ ಒಬ್ಬ ಯಹೂದಿ ಧರ್ಮಗುರುವಿನ ಹತ್ತಿರ ಹೀಬ್ರೂ ಪಾಠ ಹೇಳಿಸಿಕೊಂಡ. ಸಿಟ್ಟಿನ ಬಗ್ಗೆ ಹೇಳುವ ವಾಕ್ಯದಲ್ಲಿ, ಕಾರಣವಿಲ್ಲದೆ ಸಿಟ್ಟಾಗುವವನು ಎಂದಿತ್ತು. ಆ ಒಂದು ಪದ ಅವನನ್ನು ಕಾಡಿತು. ಕಾರಣವಿದ್ದರೆ ಸಿಟ್ಟಾಗಬಹುದು ಎಂದಾದರೆ ಈ ಆಜ್ಞೆಗೆ ಅರ್ಥವೇನು? ತನ್ನ ಸಿಟ್ಟಿಗೆ ಕಾರಣವಿಲ್ಲ ಎಂದು ಲೋಕದಲ್ಲಿ ಯಾರು ತಾನೇ ಹೇಳುತ್ತಾನೆ? ಹಳೆಯ ಹಸ್ತಪ್ರತಿಗಳ ವಿವರ ತೆಗೆದು ನೋಡಿದರೆ, ಹಲವು ಪ್ರಾಚೀನ ಪ್ರತಿಗಳಲ್ಲಿ ಆ ಪದವೇ ಇರಲಿಲ್ಲ. ಯಾರೋ ಆಮೇಲೆ ಸೇರಿಸಿದ್ದು. ಸಿಟ್ಟಾಗಬೇಡ, ಅಷ್ಟೇ.

ನನಗೆ ಈ ಜಾಗದಲ್ಲಿ ಪುಸ್ತಕ ಮುಚ್ಚಿಡಬೇಕಾಯಿತು. ಎರಡನೇ ವರ್ಷದಲ್ಲಿ ನಾನು ಮೂರು ತಿಂಗಳು ನಿದ್ದೆಗೆಟ್ಟು ಬರೆದ ಮಿನಿ ಪ್ರಾಜೆಕ್ಟ್ ಕೋಡನ್ನು ನಮ್ಮ ಕ್ಲಾಸಿನವನೊಬ್ಬ ತನ್ನ ಹೆಸರಲ್ಲಿ ಸ್ಪರ್ಧೆಯೊಂದಕ್ಕೆ ಕಳಿಸಿ ಬಹುಮಾನ ತಗೊಂಡ. ಅವನ ರೆಸ್ಯೂಮೆಯಲ್ಲಿ ಆ ಸಾಲು ಇವತ್ತಿಗೂ ಇದೆ. ನಾವು ಮಾತು ಬಿಟ್ಟು ಹದಿನಾಲ್ಕು ತಿಂಗಳಾಯಿತು. ಲ್ಯಾಬ್‌ನಲ್ಲಿ ಎದುರಿಗೇ ಕೂರುತ್ತಾನೆ. ನನ್ನ ಸಿಟ್ಟಿಗೆ ಕಾರಣವಿದೆ, ಸಾಕ್ಷಿಯಿದೆ, ತಾರೀಖು ಸಮೇತ ಇದೆ. ಟಾಲ್‌ಸ್ಟಾಯ್ ಕಿತ್ತುಹಾಕಿದ್ದು ಸರಿಯಾಗಿ ನಾನು ನೇತುಬಿದ್ದಿದ್ದ ಪದವನ್ನೇ.

ಶತ್ರುವನ್ನು ಪ್ರೀತಿಸು ಎಂಬಲ್ಲಿ ಸ್ವತಃ ಟಾಲ್‌ಸ್ಟಾಯ್ ಕೂಡ ಎಡವಿ ನಿಂತ. ಶತ್ರುವಿಗೆ ಕೇಡು ಮಾಡದೆ ಇರಬಹುದು, ಅದು ಕೈಲಾಗುವ ಕೆಲಸ. ಆದರೆ ಪ್ರೀತಿಸುವುದು ಹೇಗೆ? ಪ್ರೀತಿ ಆರ್ಡರ್ ಕೊಟ್ಟರೆ ಬರುವ ವಸ್ತುವೇ? ಮತ್ತೆ ಹಳೆಯ ಭಾಷೆಗಳನ್ನು ಕೆದಕಿದ. ಹಳೆಯ ಒಡಂಬಡಿಕೆಯಲ್ಲಿ ನೆರೆಯವನು ಎಂದರೆ ತನ್ನ ಕುಲದವನು, ಶತ್ರು ಎಂದರೆ ಪರದೇಶದ ಜನ ಎಂಬ ಅರ್ಥ ಅವನಿಗೆ ಸಿಕ್ಕಿತು. ಹಾಗಾದರೆ ಕ್ರಿಸ್ತ ಹೇಳಿದ್ದು ನಮ್ಮವರು, ಹೊರಗಿನವರು ಎಂಬ ಗೋಡೆ ಒಡೆಯಿರಿ ಎಂದು, ಯುದ್ಧವೇ ಬೇಡ ಎಂದು. ಈ ಅರ್ಥದಲ್ಲಿ ಆಜ್ಞೆ ಪಾಲಿಸಬಲ್ಲದ್ದಾಗುತ್ತದೆ ಎಂದು ಅವನಿಗೆ ನಿರಾಳವಾಯಿತು.

ಇಷ್ಟು ದೊಡ್ಡವನ ಬಗ್ಗೆ ಹೀಗೆ ಹೇಳಬಹುದೋ ಇಲ್ಲವೋ, ನನಗಂತೂ ಅವನಿಲ್ಲಿ ಸ್ವಲ್ಪ ಸುಲಭದ ಲೆಕ್ಕ ಆರಿಸಿಕೊಂಡ ಅನಿಸುತ್ತದೆ. ಕಾಣದ ದೇಶದ ಕಾಣದ ಜನರನ್ನು ದ್ವೇಷಿಸದೆ ಇರುವುದು ಎದುರು ಬೆಂಚಿನವನನ್ನು ದ್ವೇಷಿಸದೆ ಇರುವುದಕ್ಕಿಂತ ಹಗುರ. ಅವನ ಬದುಕೇ ಇದನ್ನು ಅವನಿಗೆ ಆಮೇಲೆ ತೋರಿಸಿಕೊಟ್ಟಿತು.

ಈ ಓದಿನ ಫಲವಾಗಿ ಬರೆದ ‘ನಾನು ನಂಬುವುದೇನು’ ಎಂಬ ಪುಸ್ತಕ 1884ರಲ್ಲಿ 50 ಪ್ರತಿ ಅಚ್ಚಾಯಿತು, ಅವನ್ನೂ ಪೊಲೀಸರು ವಶಪಡಿಸಿಕೊಂಡರು. ಜನ ಕೈಬರಹದಲ್ಲಿ ನಕಲು ಮಾಡಿಕೊಂಡು ಓದಿದರು. ಹತ್ತು ವರ್ಷದ ನಂತರದ ‘ದೇವರ ರಾಜ್ಯ ನಿಮ್ಮೊಳಗೇ ಇದೆ’ ಕೂಡ ರಷ್ಯಾದಲ್ಲಿ ನಿಷೇಧವಾಗಿ ಜರ್ಮನಿಯಲ್ಲಿ ಪ್ರಕಟವಾಯಿತು. ದಕ್ಷಿಣ ಆಫ್ರಿಕಾದಲ್ಲಿದ್ದ ಯುವ ವಕೀಲ ಗಾಂಧೀಜಿಯವರ ಮೇಲೆ ಅಳಿಸಲಾಗದ ಗುರುತು ಬಿಟ್ಟ ಪುಸ್ತಕ ಅದು.

ಗಣಿತ ಓದುವವರಿಗೆ ಆ ಪುಸ್ತಕದಲ್ಲೊಂದು ಉಡುಗೊರೆ ಇದೆ. ಪರಿಪೂರ್ಣತೆ ಯಾರಿಂದಲೂ ಆಗದ್ದು, ಆಗದ್ದನ್ನು ಬೋಧಿಸಿ ಏನು ಪ್ರಯೋಜನ ಎಂದು ಕೇಳುವವರಿಗೆ ಟಾಲ್‌ಸ್ಟಾಯ್ ಉತ್ತರ ಕೊಡುತ್ತ ಅಸಿಂಪ್ಟೋಟ್ ಅನ್ನು ತರುತ್ತಾನೆ! ವಕ್ರರೇಖೆ ಒಂದು ಸರಳರೇಖೆಯ ಹತ್ತಿರ ಹತ್ತಿರ ಹೋಗುತ್ತಲೇ ಇರುತ್ತದೆ, ಮುಟ್ಟುವುದು ಅನಂತದಲ್ಲಿ. ದೈವೀ ಪರಿಪೂರ್ಣತೆ ಮನುಷ್ಯನ ಬದುಕಿಗೆ ಅಂಥ ರೇಖೆ ಎನ್ನುತ್ತಾನೆ. ಇನ್ನೊಂದು ಹೋಲಿಕೆ ದೋಣಿಯದು. ರಭಸದ ಹೊಳೆಯನ್ನು ದಾಟುವವನು ಎದುರು ದಡದ ಜಾಗಕ್ಕೇ ನೇರ ಹುಟ್ಟು ಹಾಕಿದರೆ ಸೆಳವು ಅವನನ್ನು ಕೆಳಕ್ಕೆ ಕೊಂಡೊಯ್ಯುತ್ತದೆ. ಅದಕ್ಕೇ ಸೇರಬೇಕಾದ ಜಾಗಕ್ಕಿಂತ ತುಂಬ ಮೇಲಕ್ಕೆ ಗುರಿಯಿಡಬೇಕು. ಫಸ್ಟ್ ಇಯರ್ ಮೆಕ್ಯಾನಿಕ್ಸ್‌ನಲ್ಲಿ ನಾವು ಬಿಡಿಸಿದ ರಿಸಲ್ಟೆಂಟ್ ವೆಲಾಸಿಟಿ ಲೆಕ್ಕ ಇದೇ ಅಲ್ಲವೇ? ನಮ್ಮ ಸ್ವಭಾವದ ಸೆಳವು ಹೇಗೂ ಕೆಳಕ್ಕೇ ಎಳೆಯುತ್ತದೆ. ಗುರಿಯನ್ನು ನಮ್ಮ ಅಳತೆಗೆ ಇಳಿಸಿಕೊಂಡರೆ ಅದನ್ನೂ ತಲುಪುವುದಿಲ್ಲ.

ಅವನ ಲೆಕ್ಕದಲ್ಲಿ ಮುಖ್ಯವಾದದ್ದು ನಿಂತ ಎತ್ತರವಲ್ಲ, ಚಲನೆ. ತನ್ನ ಒಳ್ಳೆಯತನದ ಮೇಲೆ ಕದಲದೆ ಕೂತ ಸಜ್ಜನನಿಗಿಂತ, ಕ್ರಿಸ್ತನ ಪಕ್ಕದ ಶಿಲುಬೆಯಲ್ಲಿ ಕಡೇ ಗಳಿಗೆಗೆ ತಿರುಗಿದ ಕಳ್ಳ ಮುಂದಿದ್ದಾನೆ. ಪರ್ಸೆಂಟೇಜ್ ನೋಡಿ ಮನುಷ್ಯರನ್ನು ಸಾಲಾಗಿ ನಿಲ್ಲಿಸುವ ನಮ್ಮ ಪದ್ಧತಿಗೆ ಇದು ತೀರಾ ಉಲ್ಟಾ. ಕಳೆದ ತಿಂಗಳು ನನ್ನ ಕೋಡ್ ಕದ್ದವನು ಇಂಟರ್ನ್‌ಶಿಪ್ ಇಂಟರ್‌ವ್ಯೂನ ಕೊನೇ ಸುತ್ತಿನಲ್ಲಿ ಬಿದ್ದ ಸುದ್ದಿ ಹಾಸ್ಟೆಲ್ ಮೆಸ್‌ಗೆ ಬಂದಾಗ ಎಲ್ಲರೂ ನಕ್ಕರು. ನಾನು ನಗದೆ ಎದ್ದು ತಟ್ಟೆ ತೊಳೆಯಲು ಹೋದೆ. ಅದನ್ನು ಪ್ರೀತಿ ಎಂದು ಯಾರೂ ಕರೆಯುವುದಿಲ್ಲ. ಇವತ್ತಿಗೂ ನಾವು ಮಾತಾಡುವುದಿಲ್ಲ.

ಮಾತಿಗೆ ತಕ್ಕ ಕೆಲಸ ಟಾಲ್‌ಸ್ಟಾಯ್ ಸಾಕಷ್ಟು ಮಾಡಿದ. ಮಾಂಸ, ಹೆಂಡ, ತಂಬಾಕು, ಬೇಟೆ ಬಿಟ್ಟ. ನೇಗಿಲು ಹಿಡಿದ, ಬೂಟು ಹೊಲಿಯಲು ಕಲಿತ. 1891ರಲ್ಲಿ ಬರ ಬಂದಾಗ ಹೆಣ್ಣುಮಕ್ಕಳನ್ನು ಕರೆದುಕೊಂಡು ರಿಯಾಜಾನ್ ಪ್ರಾಂತ್ಯಕ್ಕೆ ಹೋಗಿ ಹಳ್ಳಿ ಹಳ್ಳಿಯಲ್ಲಿ ಗಂಜಿಕೇಂದ್ರ ತೆರೆದ. ಮುಂದಿನ ವರ್ಷದ ಹೊತ್ತಿಗೆ ಅವು 200 ದಾಟಿದ್ದವು. ಕಾಕಸಸ್‌ನ ದುಖೊಬೋರ್ ಎಂಬ ರೈತ ಪಂಥದವರು 1895ರಲ್ಲಿ ತಮ್ಮ ಆಯುಧಗಳನ್ನೆಲ್ಲ ಗುಡ್ಡೆಹಾಕಿ ಸುಟ್ಟು, ಸೈನ್ಯಕ್ಕೆ ಸೇರುವುದಿಲ್ಲ ಎಂದು ಚಾಟಿಯೇಟು ತಿಂದರು. ಅವರನ್ನು ಕೆನಡಾಕ್ಕೆ ಕಳಿಸಲು ಹಣ ಬೇಕಿತ್ತು. ಬರಹಕ್ಕೆ ಹಣ ತೆಗೆದುಕೊಳ್ಳುವುದನ್ನು ಬಿಟ್ಟಿದ್ದವನು ಅದಕ್ಕಾಗಿ ‘ಪುನರುತ್ಥಾನ’ ಕಾದಂಬರಿ ಮುಗಿಸಿ ಮಾರಿದ. ಏಳು ಸಾವಿರಕ್ಕೂ ಹೆಚ್ಚು ಜನ 1899ರಲ್ಲಿ ಹಡಗು ಹತ್ತಿ ಕೆನಡಾ ಸೇರಿದರು. 1901ರಲ್ಲಿ ಚರ್ಚ್ ಅವನನ್ನು ಹೊರಗೆ ಹಾಕಿತು. ಅಲ್ಲಿ ಆಡಳಿತ ನಡೆಸುತ್ತಿದ್ದವನು ಅದೇ ಪೊಬೆದೊನೊಸ್ತ್ಸೆವ್.

ಒಂದು ವಿಷಯ ಅವನನ್ನು ಕೊನೆಯವರೆಗೂ ಚುಚ್ಚಿತು. ಸರ್ಕಾರ ಅವನನ್ನು ಮುಟ್ಟುತ್ತಿರಲಿಲ್ಲ, ಅವನನ್ನು ಓದಿದವರನ್ನು ಹಿಡಿಯುತ್ತಿತ್ತು. ಸೈನ್ಯ ಸೇರಲು ಒಪ್ಪದ ಶಾಲಾ ಮೇಷ್ಟ್ರು ಯೆವ್ದೊಕಿಮ್ ದ್ರೋಜ್ಜಿನ್ 1894ರಲ್ಲಿ ಸೆರೆಯಲ್ಲೇ ಸತ್ತ. ಟಾಲ್‌ಸ್ಟಾಯ್ ಮಾತ್ರ ತನ್ನ ಮನೆಯಲ್ಲಿ, ಆಳುಕಾಳುಗಳ ನಡುವೆ, ಊಟದ ಮೇಜಿನ ಮುಂದೆ ಕೂತಿರಬೇಕಾಗಿತ್ತು. 1908ರಲ್ಲಿ ರೈತರನ್ನು ಸಾಲುಸಾಲಾಗಿ ಗಲ್ಲಿಗೆ ಹಾಕುತ್ತಿದ್ದಾಗ, ಇನ್ನು ಸುಮ್ಮನಿರಲಾರೆ ಎಂದು ಲೇಖನ ಬರೆದು, ಆ ಹಗ್ಗವನ್ನು ತನ್ನ ಮುದಿ ಕೊರಳಿಗೂ ಹಾಕಿ ಎಂದು ಕೇಳಿಕೊಂಡ. ಯಾರೂ ಹಾಕಲಿಲ್ಲ.

ಹೊರಗಿನ ಶತ್ರುಗಳ ವಿಷಯದಲ್ಲೂ ಎಲ್ಲ ಗೆದ್ದಿರಲಿಲ್ಲ. ರಷ್ಯಾ-ಜಪಾನ್ ಯುದ್ಧ ಶುರುವಾದಾಗ ಎರಡೂ ದೇಶಗಳನ್ನು ಖಂಡಿಸಿ ಬರೆದ. ಆದರೆ ಪೋರ್ಟ್ ಆರ್ಥರ್ ಕೋಟೆ ಜಪಾನಿಗೆ ಶರಣಾದ ಸುದ್ದಿ ಬಂದಾಗ ಒಳಗಿನ ಹಳೇ ಫಿರಂಗಿ ಅಧಿಕಾರಿಗೆ ನೋವಾಯಿತು. ಅದನ್ನು ಮುಚ್ಚಿಡದೆ ದಿನಚರಿಯಲ್ಲಿ ಬರೆದಿಟ್ಟ. ಆಗ ಅವನಿಗೆ 76.

ಈಗ ಮನೆಗೆ ಬರೋಣ. ನಿಜವಾದ ಪರೀಕ್ಷೆ ನಡೆದದ್ದು ಅಲ್ಲಿ. ಸೋಫಿಯಾ 13 ಮಕ್ಕಳನ್ನು ಹೆತ್ತಳು, ಐವರನ್ನು ಎಳವೆಯಲ್ಲೇ ಮಣ್ಣು ಮಾಡಿದಳು. ಗಂಡನ ಓದಲಾಗದ ಅಕ್ಷರಗಳನ್ನು ಬಿಡಿಸಿ ‘ಯುದ್ಧ ಮತ್ತು ಶಾಂತಿ’ಯ ಕರಡುಗಳನ್ನು ಮತ್ತೆ ಮತ್ತೆ ಕೈಯಲ್ಲಿ ನಕಲು ಮಾಡಿದಳು. ಬರಗಾಲದಲ್ಲಿ ಪತ್ರಿಕೆಯಲ್ಲಿ ಮನವಿ ಮಾಡಿ ಹಣ ಕೂಡಿಸಿದವಳು ಅವಳು. ಗಂಡನ ನಿಷೇಧಿತ ಕಥೆಯೊಂದನ್ನು ಅಚ್ಚು ಹಾಕಲು ಅನುಮತಿ ಬೇಡಿ ಖುದ್ದಾಗಿ ಝಾರ್ ಮುಂದೆ ನಿಂತವಳೂ ಅವಳೇ. ಅಂಥವಳಿಗೆ ಒಂದು ದಿನ ಗಂಡ, ಆಸ್ತಿ ಪಾಪ, ಪುಸ್ತಕದ ಹಣ ಪಾಪ, ನಾವು ಬದುಕುತ್ತಿರುವ ರೀತಿಯೇ ಪಾಪ ಎನ್ನತೊಡಗಿದ. ಮಕ್ಕಳ ಫೀಸು ಯಾರು ಕಟ್ಟಬೇಕು? 1884ರ ಜೂನ್‌ನ ಒಂದು ರಾತ್ರಿ ಜಗಳವಾಡಿ ಚೀಲ ಹೆಗಲಿಗೇರಿಸಿ ಮನೆ ಬಿಟ್ಟು ಹೊರಟ. ಅವಳು ತುಂಬು ಬಸುರಿ. ತೂಲಾ ದಾರಿಯ ಅರ್ಧದಲ್ಲಿ ಅದು ನೆನಪಾಗಿ ತಿರುಗಿ ಬಂದ. ಆ ರಾತ್ರಿಯೇ ಮಗಳು ಅಲೆಕ್ಸಾಂಡ್ರಾ ಹುಟ್ಟಿದಳು.

ಬಾಂಬ್ ಎಸೆದವರ ಮೇಲೆ ಕರುಣೆ ತೋರಿಸೆಂದು ಝಾರ್‌ಗೆ ಬರೆದು ಆಗಿನ್ನೂ ಮೂರು ವರ್ಷ. ಅಂಥ ಕರುಣೆ ಅಡುಗೆಮನೆಯ ಜಗಳದಲ್ಲಿ ಅವನಿಗೆ ಸಿಗುತ್ತಿರಲಿಲ್ಲ. ಇದನ್ನು ಹಿಡಿದು ಅವನನ್ನು ಕಪಟಿ ಎನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ನನಗೆ ಹಾಗೆನ್ನಲು ಮನಸ್ಸಾಗುವುದಿಲ್ಲ. ಕಪಟಿ ತನ್ನ ಸೋಲನ್ನು ಬಚ್ಚಿಡುತ್ತಾನೆ. ಇವನು ಪ್ರತಿ ರಾತ್ರಿ ಬರೆದಿಟ್ಟ. ಆದರೆ ಸೋಫಿಯಾಳ ಕಡೆ ನಿಂತು ನೋಡಿದರೆ, ಆ ಬರವಣಿಗೆಯಿಂದ ಅವಳಿಗೆ ಸಿಕ್ಕಿದ್ದೇನು ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

1891ರಲ್ಲಿ, 1881ರ ನಂತರದ ತನ್ನ ಬರಹಗಳ ಹಕ್ಕು ಬಿಟ್ಟುಕೊಟ್ಟ. ಆಸ್ತಿಯನ್ನು ಹೆಂಡತಿ ಮಕ್ಕಳಿಗೆ ಹಂಚಿದ. ಅವನ ಶಿಷ್ಯರಲ್ಲಿ ಮುಖ್ಯನಾದ ಚೆರ್ಟ್‌ಕೋವ್‌ಗೂ ಸೋಫಿಯಾಗೂ ದಿನಚರಿಗಳ ಬಗ್ಗೆ, ಉಯಿಲಿನ ಬಗ್ಗೆ ಯುದ್ಧವೇ ನಡೆಯಿತು. 1910ರ ಜುಲೈನಲ್ಲಿ ಟಾಲ್‌ಸ್ಟಾಯ್ ಕಾಡಿನೊಳಗೆ ಮರದ ಬೊಡ್ಡೆಯ ಮೇಲೆ ಕೂತು ಹೆಂಡತಿಗೆ ತಿಳಿಯದಂತೆ ಉಯಿಲಿಗೆ ಸಹಿ ಹಾಕಿದ. ಬದುಕಿಡೀ ಸತ್ಯ ಸತ್ಯ ಎಂದವನು ಗುಟ್ಟಾಗಿ ಕಾಡಿಗೆ ಹೋಗಬೇಕಾಯಿತು. ಅವನ ಕತೆಯಲ್ಲಿ ನನಗೆ ಅತ್ಯಂತ ಕಷ್ಟವಾಗುವ ಪುಟ ಇದು.

ಗಾಂಧೀಜಿಯವರ ಜೊತೆ ಪತ್ರವ್ಯವಹಾರ ನಡೆದದ್ದೂ ಇದೇ ದಿನಗಳಲ್ಲಿ. ಗಾಂಧೀಜಿ 1909ರ ಅಕ್ಟೋಬರ್‌ನಲ್ಲಿ ಲಂಡನ್‌ನಿಂದ ಮೊದಲ ಪತ್ರ ಬರೆದರು. 1910ರಲ್ಲಿ ಅವರ ಗೆಳೆಯ, ವಾಸ್ತುಶಿಲ್ಪಿ ಹರ್ಮನ್ ಕಾಲೆನ್‌ಬಾಕ್ ಜೋಹಾನ್ಸ್‌ಬರ್ಗ್ ಹತ್ತಿರ ಕೊಟ್ಟ 1,100 ಎಕರೆ ಜಮೀನಿಗೆ ಟಾಲ್‌ಸ್ಟಾಯ್ ಫಾರ್ಮ್ ಎಂದು ಹೆಸರಿಟ್ಟರು. ಸತ್ಯಾಗ್ರಹಿಗಳ ಸಂಸಾರಗಳು ಅಲ್ಲಿ ನೆಲೆಸಿದವು. ಟಾಲ್‌ಸ್ಟಾಯ್ ಗಾಂಧೀಜಿಗೆ ಬರೆದ ಕೊನೆಯ ದೀರ್ಘ ಪತ್ರ 1910ರ ಸೆಪ್ಟೆಂಬರ್‌ನದು. ಮನೆಯಲ್ಲಿ ಬೆಂಕಿ ಉರಿಯುತ್ತಿರುವಾಗ ಮುದುಕ ಪ್ರೀತಿಯ ನಿಯಮದ ಬಗ್ಗೆ ದೂರದ ಭಾರತೀಯನಿಗೆ ಬರೆಯುತ್ತಿದ್ದ. ಪ್ರೀತಿ ಎಷ್ಟು ಕಷ್ಟ ಎಂಬುದು ಆ ಹೊತ್ತಿನಲ್ಲಿ ಅವನಷ್ಟು ಗೊತ್ತಿದ್ದವರು ಇನ್ಯಾರಿದ್ದರು?

ಅಕ್ಟೋಬರ್ 28ರ (ಹಳೇ ಕ್ಯಾಲೆಂಡರ್) ನಸುಕಿಗೆ ಮುಂಚೆ, ಸೋಫಿಯಾ ತನ್ನ ಓದುಕೋಣೆಯಲ್ಲಿ ಕಾಗದಗಳನ್ನು ತಡಕುವ ಸದ್ದು ಕೇಳಿ ಎದ್ದ. ಡಾಕ್ಟರ್ ಮಕೊವಿಟ್ಸ್ಕಿಯನ್ನು ಎಬ್ಬಿಸಿ, ಕತ್ತಲಲ್ಲೇ ಗಾಡಿ ಕಟ್ಟಿಸಿ ಹೊರಟುಬಿಟ್ಟ. 82 ವರ್ಷ. ಹೆಂಡತಿಗೊಂದು ಪತ್ರ ಬಿಟ್ಟಿದ್ದ. 48 ವರ್ಷದ ಸಂಸಾರಕ್ಕೆ ಕೃತಜ್ಞತೆ ಹೇಳಿ, ತನ್ನ ತಪ್ಪುಗಳಿಗೆ ಕ್ಷಮೆ ಕೇಳಿ, ಅವಳ ಕಡೆಯಿಂದ ಏನಾದರೂ ತಪ್ಪಾಗಿದ್ದರೆ ಮನಸಾರೆ ಕ್ಷಮಿಸಿದ್ದೇನೆ ಎಂದು ಬರೆದಿದ್ದ. ಕ್ಷಮಿಸಿದವನು ಹಿಂದಿರುಗಿ ಬರಲಿಲ್ಲ. ಸನ್ಯಾಸಿನಿಯಾಗಿದ್ದ ತಂಗಿ ಮರಿಯಾಳನ್ನು ನೋಡಿಕೊಂಡು ದಕ್ಷಿಣದ ರೈಲು ಹತ್ತಿದ. ದಾರಿಯಲ್ಲಿ ನ್ಯುಮೋನಿಯಾ ಬಂದು ಅಸ್ತಾಪೊವೊ ಎಂಬ ಸಣ್ಣ ಸ್ಟೇಷನ್‌ನಲ್ಲಿ ಇಳಿಸಬೇಕಾಯಿತು. ಸ್ಟೇಷನ್ ಮಾಸ್ಟರ್ ತನ್ನ ಮನೆ ಬಿಟ್ಟುಕೊಟ್ಟ.

ಸೋಫಿಯಾ ಸ್ಪೆಷಲ್ ರೈಲಿನಲ್ಲಿ ಓಡಿ ಬಂದಳು. ರೋಗಿಗೆ ಆಘಾತವಾದೀತೆಂದು ಸುತ್ತಲಿದ್ದವರು ಒಳಗೆ ಬಿಡಲಿಲ್ಲ. ಅಷ್ಟರಲ್ಲಿ ಜಗತ್ತಿನ ಪತ್ರಕರ್ತರೆಲ್ಲ ಅಲ್ಲಿ ನೆರೆದಿದ್ದರು. ಅವಳು ಕಿಟಕಿಯ ಗಾಜಿಗೆ ಮುಖವೊತ್ತಿ ಒಳಗೆ ಇಣುಕುವುದು ಆಗಿನ ಸಿನಿಮಾ ಕ್ಯಾಮೆರಾದಲ್ಲಿ ಸೆರೆಯಾಗಿದೆ, ಇವತ್ತಿಗೂ ನೋಡಬಹುದು. ಒಳಗೆ ಬಿಟ್ಟದ್ದು ನವೆಂಬರ್ 7ರ ಕೊನೇ ಗಂಟೆಗಳಲ್ಲಿ, ಅವನಿಗೆ ಪ್ರಜ್ಞೆ ತಪ್ಪಿದ ಮೇಲೆ. ಬೆಳಿಗ್ಗೆ ಆರು ಗಂಟೆ ದಾಟುತ್ತಿದ್ದಂತೆ ಹೋಗಿಬಿಟ್ಟ.

ಅವನೇ ಕೇಳಿಕೊಂಡಿದ್ದಂತೆ, ಅಣ್ಣ ಹೇಳಿದ ಹಸಿರು ಕೋಲು ಹೂತಿದೆ ಎನ್ನಲಾದ ಕಮರಿಯ ಅಂಚಿನಲ್ಲಿ ಮಣ್ಣು ಮಾಡಿದರು. ಪಾದ್ರಿ ಇರಲಿಲ್ಲ, ಶಿಲುಬೆ ನೆಡಲಿಲ್ಲ, ಕಲ್ಲಿಲ್ಲ, ಹೆಸರಿಲ್ಲ. ಹುಲ್ಲು ಬೆಳೆದ ಒಂದು ದಿಬ್ಬ ಅಷ್ಟೇ. ಸೋಫಿಯಾ ಇನ್ನೂ ಒಂಬತ್ತು ವರ್ಷ ಅದೇ ಮನೆಯಲ್ಲಿ ಬದುಕಿ 1919ರಲ್ಲಿ ತೀರಿಕೊಂಡಳು. ಅವಳ ಸಮಾಧಿ ಅವನ ಪಕ್ಕದಲ್ಲಿಲ್ಲ, ಹತ್ತಿರದ ಕೊಚಾಕಿಯ ಚರ್ಚಿನ ಸ್ಮಶಾನದಲ್ಲಿ ಇದೆ.